ಬಾಗಿಲು ತೆಗೆಯಬೇಡ, ನೀರು ಹೊಯ್ಯಬೇಡ

ನಾಯಿ ತಂದಿದ್ದೀಯಂತೆ, ಒಳ್ಳೆಯದಾಯಿತು. ಫೋಟೋ ನೋಡಿದೆ. ಎರಡೂ ಕಿವಿ ಜೋತುಬಿಟ್ಟುಕೊಂಡು, ಏನೂ ಅರಿಯದ ಮುಖ ಮಾಡಿಕೊಂಡು ಕೂತಿದೆ. ಆ ಮುಖ ನಂಬಿ ಮೋಸ ಹೋಗಬೇಡ. ಶೆಲ್ಟರಿನವರು ಕೊಟ್ಟ ಕಾಗದದಲ್ಲಿ ಲಸಿಕೆ ಯಾವಾಗ, ಊಟ ಎಷ್ಟು, ವಾಕಿಂಗ್ ಎಷ್ಟು ಹೊತ್ತು ಅಂತೆಲ್ಲ ಬರೆದಿರುತ್ತಾರೆ. ಒಂದು ವಿಷಯ ಮಾತ್ರ ಬಿಟ್ಟಿರುತ್ತಾರೆ. ನ್ಯೂಜೆರ್ಸಿಯಲ್ಲೋ ಇಲಿನಾಯ್‌ನಲ್ಲೋ ಮನೆ ಹಿಂದೆ ಅಂಗೈಯಗಲ ಹುಲ್ಲಿದ್ದು, ಆ ಹುಲ್ಲಿಗೆ ಒಂದು ನಾಯಿಯೂ ಬಂತು ಅಂದರೆ, ಒಂದಲ್ಲ ಒಂದು ರಾತ್ರಿ ಅದು ಸ್ಕಂಕ್ ಅನ್ನುವ ಪ್ರಾಣಿಯ ಹಿಂದೆ ಓಡೇ ಓಡುತ್ತದೆ. ಸ್ಕಂಕ್ ಚಿಮ್ಮಿಸುವ ನಾರುವ ಎಣ್ಣೆಯನ್ನು ಮೈಗೆ ಹೊಡೆಸಿಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತಾ ನಿನ್ನ ಬಾಗಿಲಿಗೇ ಬಂದು ನಿಲ್ಲುತ್ತದೆ.

ಆ ರಾತ್ರಿಗಾಗಿ ಈ ಮಾತು. ನಿನ್ನ ಬುದ್ಧಿಯ ಬಗ್ಗೆ ನನಗೆ ಅನುಮಾನವಿಲ್ಲ ಮಗಾ, ಅನುಮಾನ ಇರುವುದು ನಿನ್ನ ಕೈಯ ಬಗ್ಗೆ. ತಲೆ ಇನ್ನೂ ಯೋಚನೆ ಮಾಡುತ್ತಿರುವಾಗಲೇ ಅದು ಚಿಲಕ ತೆಗೆದಿರುತ್ತದೆ. ಮಗಳ ಮನೆಯಲ್ಲಿದ್ದುಕೊಂಡು ಇಲ್ಲಿನ ನಮ್ಮ ಹುಡುಗ ಹುಡುಗಿಯರ ಫಜೀತಿಗಳನ್ನೆಲ್ಲ ಕಣ್ಣಾರೆ ಕಂಡವಳು ಹೇಳುತ್ತಿದ್ದೇನೆ. ನಾಯಿಯ ಮೇಲೆ ಬಿದ್ದದ್ದು ಒಂದು ಚಮಚದಷ್ಟೂ ಇರುವುದಿಲ್ಲ. ಮನೆಯೆಲ್ಲ ನಾರುವ ಹಾಗೆ ಮಾಡುವುದು ಆಮೇಲಿನ ಹತ್ತು ನಿಮಿಷದ ಆತುರ.

ಮೊದಲು ಆ ಪ್ರಾಣಿಯ ಗುಣ ತಿಳಿದುಕೋ. ಬೆಕ್ಕಿನ ಗಾತ್ರ, ಕಪ್ಪು ಮೈ, ನೆತ್ತಿಯಿಂದ ಶುರುವಾಗಿ ಬೆನ್ನಿನುದ್ದಕ್ಕೂ ಎರಡು ಬಿಳಿ ಪಟ್ಟೆ, ಪೊದೆಯಂಥ ಬಾಲ, ಆ ಬಾಲದ ಬುಡದಲ್ಲಿ ನಾರುವ ಎಣ್ಣೆಯ ದಾಸ್ತಾನು. ದಕ್ಷಿಣ ಕೆನಡಾದಿಂದ ಉತ್ತರ ಮೆಕ್ಸಿಕೋವರೆಗೂ ಇದರ ಸಂಸಾರ ಹಬ್ಬಿದೆ. ನಮ್ಮ ಕಡೆ ಇದಿಲ್ಲ. ನಮ್ಮ ಪುನುಗು ಬೆಕ್ಕಿಗೂ ಬಾಲದ ಬುಡದಲ್ಲಿ ಇಂಥದ್ದೇ ಒಂದು ಏರ್ಪಾಡಿದೆ, ಆದರೆ ಅದು ಕೊಡುವ ಪುನುಗು ತಿರುಪತಿ ತಿಮ್ಮಪ್ಪನ ಸೇವೆಗೆ ಹೋಗುತ್ತದೆ. ಸ್ಕಂಕ್ ಕೊಡುವುದನ್ನು ಮಾತ್ರ ಯಾವ ದೇವರೂ ಒಪ್ಪಿಕೊಳ್ಳಲಾರ.

ಹಾಗಂತ ಅದು ಜಗಳಗಂಟಿಯಲ್ಲ. ಕತ್ತಲಾದ ಮೇಲೆ ಹೊರಟು, ಹುಲ್ಲಿನಡಿಯ ಹುಳು ಕೆದಕಿ ತಿನ್ನುತ್ತಾ, ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಯಾರಾದರೂ ಅಡ್ಡ ಬಂದರೆ ಮುಂಗಾಲಿನಿಂದ ನೆಲ ಬಡಿಯುತ್ತದೆ. ಬುಸ್ ಅನ್ನುತ್ತದೆ. ಬಾಲ ನೆಟ್ಟಗೆ ಎತ್ತುತ್ತದೆ. ಅಷ್ಟಕ್ಕೂ ಎದುರಿನವರು ಜಗ್ಗದಿದ್ದರೆ ಮೈ ಬಗ್ಗಿಸಿ, ಮುಖವನ್ನೂ ಹಿಂಭಾಗವನ್ನೂ ಒಂದೇ ಕಡೆಗೆ ತಿರುಗಿಸಿಕೊಂಡು, ಗುರಿಯಿಟ್ಟು ಹೊಡೆಯುತ್ತದೆ. ಹತ್ತು ಅಡಿಯೊಳಗೆ ಇದ್ದವರು ತಪ್ಪಿಸಿಕೊಳ್ಳುವುದು ಕಷ್ಟ. ಅದರ ಬಳಿ ಇರುವ ದಾಸ್ತಾನು ಐದಾರು ಸಲಕ್ಕೆ ಸಾಕಾಗುವಷ್ಟು. ಮುಗಿದರೆ ಮತ್ತೆ ತುಂಬಿಕೊಳ್ಳುವುದಕ್ಕೆ ವಾರವೋ ಹತ್ತು ದಿನವೋ ಬೇಕು. ಹಾಗಾಗಿ ಜಿಪುಣ. ಸುಮ್ಮಸುಮ್ಮನೆ ಖರ್ಚು ಮಾಡುವುದಿಲ್ಲ. ಇಷ್ಟು ಸಲ ಎಚ್ಚರಿಸಿ ಆಮೇಲೆ ಕೈ ಎತ್ತುವವರು ಮನುಷ್ಯರಲ್ಲೂ ಕಡಿಮೆ. ನನಗಂತೂ ಅದರ ಮೇಲೆ ಗೌರವವಿದೆ. ನೆಲ ಬಡಿಯುವುದನ್ನು ಆಟಕ್ಕೆ ಕರೆದದ್ದು ಅಂತ ತಿಳಿದುಕೊಂಡು ಮುನ್ನುಗ್ಗಿದ್ದು ನಿನ್ನ ನಾಯಿ. ಯಜಮಾನನ ಗುಣ ಎಲ್ಲಿ ಹೋಗುತ್ತದೆ!

ನಮ್ಮ ಸಾಲಿನಲ್ಲೇ ಹಾಸನದ ಕಡೆಯ ಹುಡುಗನೊಬ್ಬ ಇದ್ದಾನೆ. ಒಳ್ಳೆಯ ಕೆಲಸ, ಒಳ್ಳೆಯ ಮನಸ್ಸು, ಪುರುಸೊತ್ತು ಮಾತ್ರ ಇಲ್ಲ. ರಾತ್ರಿ ಹಿತ್ತಲ ಬಾಗಿಲನ್ನು ನಾಯಿ ಕೆರೆಯಿತು, ಇವನು ಫೋನು ನೋಡುತ್ತಲೇ ಬಾಗಿಲು ಜಾರಿಸಿದ. ನಾಯಿ ಒಳಗೆ ಬಂತು. ಇವನಿಗೆ ಸ್ಕಂಕ್ ಅಂತ ಹೊಳೆಯಲೇ ಇಲ್ಲ. ಹೆದ್ದಾರಿಯಲ್ಲಿ ಹೋಗುವಾಗ ಕಾರಿನೊಳಗೆ ತೇಲಿಬರುವ ಸ್ಕಂಕ್ ವಾಸನೆಯೇ ಬೇರೆ, ಮಾರು ದೂರದಲ್ಲಿ ಬಿಸಿಬಿಸಿಯಾಗಿ ಬರುವುದೇ ಬೇರೆ. ಇದು ರಬ್ಬರು ಸುಟ್ಟ ಕಮಟು, ಕೊಳೆತ ಈರುಳ್ಳಿಯ ಘಾಟು, ಜೊತೆಗೆ ಕಣ್ಣುರಿ. ಗ್ಯಾಸ್ ಸೋರುತ್ತಿದೆ ಅಂತ ಹೆದರಿ ಅವನು ಒಲೆ ನೋಡಲು ಓಡಿದ. ಅವನು ಒಲೆಯ ತಿರುಪುಗಳನ್ನು ಒಂದೊಂದಾಗಿ ಮುಟ್ಟಿ ನೋಡುವಷ್ಟರಲ್ಲಿ ನಾಯಿ ಸೋಫಾಕ್ಕೆ ಎರಡೂ ಕೆನ್ನೆ ಒರೆಸಿ, ಕಾರ್ಪೆಟ್ಟಿನ ಮೇಲೆ ಬೆನ್ನು ಹಾಕಿ ಉರುಳಾಡಿ, ಮಹಡಿ ಹತ್ತಿ, ಹಾಸಿಗೆಯ ಮೇಲೆ ಏರಿ ಕೂತಿತ್ತು. ಸೋಫಾ ಕೊನೆಗೆ ರಸ್ತೆ ಬದಿಗೆ ಹೋಯಿತು. ಅದರ ಮೇಲೆ ‘ಬೇಕಾದವರು ಒಯ್ಯಬಹುದು’ ಅಂತ ಚೀಟಿ ಬೇರೆ ಅಂಟಿಸಿದ್ದ. ಯಾರೂ ಒಯ್ಯಲಿಲ್ಲ.

ಅವನು ಗ್ಯಾಸ್ ಅಂದುಕೊಂಡದ್ದರಲ್ಲಿ ಪೂರ್ತಿ ತಪ್ಪೂ ಇಲ್ಲ. ನಮ್ಮೂರಿನ ಸಿಲಿಂಡರಿನ ಗ್ಯಾಸಿಗೆ ಸ್ವಂತದ ವಾಸನೆ ಹೆಚ್ಚೇನೂ ಇರುವುದಿಲ್ಲ. ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಅನ್ನುವುದನ್ನು ಬೆರೆಸುತ್ತಾರೆ. ಸ್ಕಂಕ್ ಹೊಡೆಯುವುದೂ ಅದೇ ಗಂಧಕದ ಕುಲಕ್ಕೆ ಸೇರಿದ್ದು, ಥಯಾಲ್ ಅಂತ ಹೆಸರು. ಈ ಕುಲದವರನ್ನು ಹಿಡಿಯುವುದರಲ್ಲಿ ಮನುಷ್ಯನ ಮೂಗು ಬಲು ಚುರುಕು. ಗಾಳಿಯ ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಹಿಡಿದುಬಿಡುತ್ತದೆ. ಹಾಗಾಗಿ ‘ಸುಮಾರು ಹೋಗಿದೆ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ನೂರಕ್ಕೆ ತೊಂಬತ್ತು ತೊಳೆದರೂ ಉಳಿದ ಹತ್ತು ಸಾಕು, ಪಕ್ಕದ ಮನೆಯವರು ಕಿಟಕಿ ಮುಚ್ಚುವುದಕ್ಕೆ.

ಬಾಗಿಲು ಕೆರೆದರೆ ಮೊದಲು ಗಾಜಿನಿಂದ ಇಣುಕಿ ನೋಡು. ಮೂಗಿಗೆ ಚೂರು ಸುಳಿವು ಹತ್ತಿದರೂ ಬಾಗಿಲು ತೆಗೆಯಬೇಡ. ನಾಯಿ ಹೊರಗೇ ಇರಲಿ. ಕುಂಯ್‌ಗುಟ್ಟುತ್ತದೆ, ಗುಟ್ಟಲಿ. ಹಳೆ ಬಟ್ಟೆ ಹಾಕಿಕೊಂಡು, ಕೈಗೆ ಗ್ಲೌಸ್ ಏರಿಸಿಕೊಂಡು, ಗ್ಯಾರೇಜಿನ ಕಡೆಯಿಂದ ಸುತ್ತಿ ಬಾ. ಲೀಶ್ ಹಾಕಿ ಕಟ್ಟು. ಬೈಯಬೇಡ. ಅದಕ್ಕೆ ಕಣ್ಣು ಉರಿಯುತ್ತಿದೆ, ಬಾಯಿ ತುಂಬ ಜೊಲ್ಲು, ಏನಾಯಿತು ಅಂತಲೇ ಅರ್ಥವಾಗಿಲ್ಲ. ನಿನ್ನ ಬೈಗುಳದಿಂದ ಅದು ಸ್ಕಂಕ್ ಶಾಸ್ತ್ರ ಕಲಿಯುವುದಿಲ್ಲ.

ಇಲ್ಲಿ ನಿನ್ನ ಕೈ ನೀರಿನ ಪೈಪಿಗೆ ಹೋಗುತ್ತದೆ, ನನಗೆ ಗೊತ್ತು. ತಡಿ. ಮೈಮೇಲೆ ಬಿದ್ದಿರುವುದು ಎಣ್ಣೆ, ಬರೀ ನೀರಿಗೆ ಬಿಡುವುದಿಲ್ಲ. ಎದೆಯ ಮೇಲಿದ್ದದ್ದನ್ನು ಬಾಲದವರೆಗೂ ಹರಡಿಕೊಟ್ಟ ಹಾಗಾಗುತ್ತದೆ, ಅಷ್ಟೇ. ಇನ್ನೊಂದು ಕಿತಾಪತಿಯೂ ಇದೆ. ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ವುಡ್ ಅನ್ನುವ ಮೇಷ್ಟ್ರು ಈ ದರಿದ್ರ ವಸ್ತುವನ್ನೇ ಪರೀಕ್ಷೆಗೆ ಹಚ್ಚಿ 1990ರಲ್ಲಿ ಪ್ರಕಟಿಸಿದ ವಿಷಯ ಇದು. ನಾರುವ ಥಯಾಲ್‌ಗಳ ಜೊತೆಗೆ ಥಯೋಅಸಿಟೇಟ್ ಅನ್ನುವ ನೆಂಟರೂ ಅದರಲ್ಲಿ ಇರುತ್ತಾರೆ. ಅವರು ಆ ಹೊತ್ತಿಗೆ ಅಷ್ಟಾಗಿ ನಾರುವುದಿಲ್ಲ, ತೆಪ್ಪಗೆ ಕೂದಲಿನಲ್ಲಿ ಅಂಟಿಕೊಂಡಿರುತ್ತಾರೆ. ನೀರು ತಾಗಿದರೆ ನಿಧಾನಕ್ಕೆ ಒಡೆದು ಥಯಾಲ್ ಆಗುತ್ತಾರೆ. ಸ್ಕಂಕ್ ಹೊಡೆದ ಎಷ್ಟೋ ದಿನದ ಮೇಲೆ ಮಳೆಯಲ್ಲಿ ನೆನೆದು ಬಂದ ನಾಯಿ ಮತ್ತೆ ಗಬ್ಬೆನ್ನುವುದು ಇದಕ್ಕೇ. ಮತ್ತೊಂದು ಸ್ಕಂಕ್ ಬಂತು ಅಂತ ಟಾರ್ಚು ಹಿಡಿದು ಹುಡುಕಬೇಡ.

ಮುಂದಿನ ಅಂಕ ಟೊಮೆಟೊದ್ದು. ಅಮೆರಿಕದವರ ಅಜ್ಜಿಯರಿಂದ ಬಂದ ಮದ್ದು ಇದು, ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ. ಡಬ್ಬಿಗಟ್ಟಲೆ ಟೊಮೆಟೊ ರಸ ತಂದು ನಾಯಿಯ ಮೈಗೆ ಸುರಿಯುತ್ತಾರೆ. ನಾಯಿಗೆ ಸ್ನಾನ ಮಾಡಿಸುತ್ತಿದ್ದೀಯೋ ಸಾರಿಗೆ ಇಡುತ್ತಿದ್ದೀಯೋ? ಟೊಮೆಟೊ ರಸ ಆ ಥಯಾಲನ್ನು ಏನೂ ಮಾಡುವುದಿಲ್ಲ. ಆದರೂ ಜನ ಅದನ್ನು ನಂಬುವುದಕ್ಕೆ ಕಾರಣವಿದೆ. ಅರ್ಧ ಗಂಟೆ ಅದೇ ವಾಸನೆಯಲ್ಲಿ ಕೂತ ಮೂಗು ಸೋತು ಸುಮ್ಮನಾಗುತ್ತದೆ. ಸ್ಕಂಕ್ ವಾಸನೆ ತಿಳಿಯುವುದಿಲ್ಲ, ಹೊಸದಾಗಿ ಬಂದ ಟೊಮೆಟೊ ಮಾತ್ರ ತಿಳಿಯುತ್ತದೆ. ‘ಹೋಯ್ತು, ಹೋಯ್ತು’ ಅಂತ ನೀನು ಕುಣಿಯುತ್ತಿರುವಾಗ ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಂಡು ಹಿಂದಕ್ಕೆ ಹೋಗುತ್ತಾರೆ. ವಾಸನೆ ಹೋಯಿತೋ ಇಲ್ಲವೋ ಅಂತ ನಿನ್ನ ಮೂಗನ್ನು ಕೇಳಬೇಡ. ಆ ಹೊತ್ತು ಮನೆಯಲ್ಲಿ ಇಲ್ಲದೇ ಇದ್ದ ಒಬ್ಬರನ್ನು ಕರೆದು ಕೇಳು. ನಾಯಿ ಬಿಳಿಯದಾಗಿದ್ದರೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಬೇರೆ ಲಾಭ.

ನಮ್ಮವರ ಮದ್ದುಗಳು ಇನ್ನೂ ಚೆಂದ. ಒಬ್ಬಳು ಊದುಬತ್ತಿ ಹಚ್ಚಿ ನಾಯಿಯ ಸುತ್ತ ಆರತಿ ಎತ್ತಿದ ಹಾಗೆ ಆಡಿಸಿದಳು. ಇನ್ನೊಬ್ಬಳು ಊರಿನಿಂದ ಅತ್ತೆ ಕಳಿಸಿದ್ದ ಸೀಗೆಪುಡಿ ಹಚ್ಚಿದಳು. ಸೀಗೆ ಕಣ್ಣಿಗೆ ಹೋದರೆ ಏನಾಗುತ್ತದೆ ಅಂತ ನಿನಗೆ ಭಾನುವಾರದ ಎಣ್ಣೆಸ್ನಾನದಲ್ಲಿ ನಾನೇ ತೋರಿಸಿದ್ದೇನಲ್ಲ, ಇನ್ನು ಮೊದಲೇ ಕಣ್ಣುರಿಯುತ್ತಿರುವ ನಾಯಿಯ ಪಾಡೇನು? ಮತ್ತೊಬ್ಬ ಪುಣ್ಯಾತ್ಮ ದುಬಾರಿ ಸೆಂಟು ಸಿಂಪಡಿಸಿದ. ಈಗ ಮನೆಯಲ್ಲಿ ಎರಡು ವಾಸನೆ. ಮುಚ್ಚಿದರೆ ಹೋಗುವಂಥದ್ದಲ್ಲ ಇದು, ಮುರಿಯಬೇಕು.

ಮುರಿಯುವ ದಾರಿ ತೋರಿಸಿದವನು ಪಾಲ್ ಕ್ರೆಬಾಮ್, ಇಲಿನಾಯ್‌ನ ರಸಾಯನಶಾಸ್ತ್ರಜ್ಞ. ಪ್ರಯೋಗಾಲಯದಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ಕೊಳೆತ ಮೊಟ್ಟೆ ವಾಸನೆಯ ಅನಿಲದ ಕಾಟ ತಪ್ಪಿಸಲು ಅವನು ಪೆರಾಕ್ಸೈಡ್ ಬಳಸುತ್ತಿದ್ದನಂತೆ. ಜೊತೆಗೆ ಕೆಲಸ ಮಾಡುವವರೊಬ್ಬರ ಬೆಕ್ಕಿಗೆ ಸ್ಕಂಕ್ ಹೊಡೆಯಿತು. ಎರಡೂ ಗಂಧಕದ ಸಂತಾನವೇ ತಾನೆ ಅಂತ ಅದೇ ಉಪಾಯವನ್ನು ಬೆಕ್ಕಿನ ಮೈಗೆ ಒಗ್ಗುವ ಹಾಗೆ ಸೌಮ್ಯ ಮಾಡಿ ಹೇಳಿಕೊಟ್ಟ. ಬೆಕ್ಕು ಮನೆ ಸೇರಿತು. 1993ರಲ್ಲಿ ‘ಕೆಮಿಕಲ್ ಅಂಡ್ ಎಂಜಿನಿಯರಿಂಗ್ ನ್ಯೂಸ್’ ಪತ್ರಿಕೆಯಲ್ಲಿ ಆ ಉಪಾಯ ಅಚ್ಚಾಯಿತು. ಇದರಿಂದ ಅವನು ಕೋಟ್ಯಧೀಶನಾಗಬಹುದಿತ್ತು, ಆಗಲಿಲ್ಲ. ಕಲಸಿದ ಕೂಡಲೇ ಆಮ್ಲಜನಕ ಬಿಡಲು ಶುರುಮಾಡುವ ಈ ಮದ್ದನ್ನು ಬಾಟಲಿಗೆ ತುಂಬಿ ಬಿರಡೆ ಹಾಕಿದರೆ ಬಾಟಲಿಯೇ ಸಿಡಿಯುತ್ತದೆ. ಮಾರುವುದಕ್ಕೆ ಆಗದ್ದು ಊರಿಗೆಲ್ಲ ಪುಕ್ಕಟೆ ಸಿಕ್ಕಿತು.

ಕೇಳಿಸಿಕೋ, ಬೇಕಾದರೆ ಬರೆದುಕೋ. ಔಷಧಿ ಅಂಗಡಿಯಲ್ಲಿ ಕಂದು ಬಾಟಲಿಯಲ್ಲಿ ಸಿಗುವ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಒಂದು ಕ್ವಾರ್ಟ್, ಅಂದರೆ ಒಂದು ಲೀಟರಿಗೆ ಚೂರು ಕಡಿಮೆ. ಅದಕ್ಕೆ ಕಾಲು ಕಪ್ ಅಡುಗೆ ಸೋಡಾ. ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ಒಂದೆರಡು ಟೀ ಚಮಚ. ನಾಯಿ ದೊಡ್ಡದಾಗಿದ್ದರೆ ಇನ್ನೊಂದು ಕ್ವಾರ್ಟ್ ಉಗುರುಬೆಚ್ಚಗಿನ ನೀರು ಸೇರಿಸು. ಅಡುಗೆ ಸೋಡಾ ಅಂದರೆ ಬೋಂಡಾಕ್ಕೆ ಚಿಟಿಕೆ ಹಾಕುತ್ತೀವಲ್ಲ ಅದು. ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಬೇರೆ, ಬಟ್ಟೆ ಒಗೆಯುವ ಸೋಡಾ ಬೇರೆ. ಹೆಚ್ಚು ಕಡಕ್ಕಾದರೆ ಬೇಗ ಹೋಗುತ್ತದೆ ಅಂತ ಪಾರ್ಲರಿನವರು ಕೂದಲಿಗೆ ಬಳಸುವ ಪೆರಾಕ್ಸೈಡ್ ತರಬೇಡ, ನಾಯಿಯ ಚರ್ಮ ಸುಟ್ಟೀತು. ವಿನೆಗರ್ ಇದಕ್ಕೆ ಬೆರೆಸಬೇಡ. ಬ್ಲೀಚಂತೂ ನಾಯಿಯ ಹತ್ತಿರವೂ ಸುಳಿಯಬಾರದು.

ಅಗಲ ಬಾಯಿಯ ಬಕೆಟಿನಲ್ಲಿ ಕಲಸು. ಬುಸಬುಸನೆ ನೊರೆ ಏಳುತ್ತದೆ, ಆಗಲೇ ಹಚ್ಚು. ಇದು ಕಾಯುವ ಪೈಕಿ ಅಲ್ಲ. ಒಣ ಮೈಮೇಲೇ ಹಚ್ಚಬೇಕು, ಕೂದಲ ಬುಡ ಮುಟ್ಟುವ ಹಾಗೆ ಬೆರಳಾಡಿಸಿ ತಿಕ್ಕಬೇಕು. ಸೋಪು ಎಣ್ಣೆಯನ್ನು ಬಿಡಿಸುತ್ತದೆ, ಪೆರಾಕ್ಸೈಡಿನ ಆಮ್ಲಜನಕ ಗಂಧಕಕ್ಕೆ ಅಂಟಿಕೊಂಡು ಅದನ್ನು ವಾಸನೆಯಿಲ್ಲದ, ನೀರಿನಲ್ಲಿ ಕರಗುವ ವಸ್ತುವಾಗಿ ಬದಲಿಸುತ್ತದೆ, ಆ ಕೆಲಸ ಚುರುಕಾಗುವುದಕ್ಕೆ ಸೋಡಾ ಬೇಕು. ಮೂವರಲ್ಲಿ ಒಬ್ಬರನ್ನು ಬಿಟ್ಟರೂ ಮದ್ದು ಅರ್ಧಂಬರ್ಧ. ಐದು ನಿಮಿಷ ಬಿಡು. ಗಡಿಯಾರ ನೋಡಿ ಐದು ನಿಮಿಷ, ನಿನ್ನ ಲೆಕ್ಕದ ಐದು ನಿಮಿಷ ಅಲ್ಲ. ಹೆಚ್ಚು ಹೊತ್ತು ಬಿಟ್ಟರೆ ಕಪ್ಪು ನಾಯಿ ಕೆಂಚಗಾದೀತು. ಆಮೇಲೆ ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ತೊಳೆ. ಈಗ ನೀರು ಎಷ್ಟು ಬೇಕಾದರೂ ಹೊಯ್ಯಿ. ವಾಸನೆ ಉಳಿದಿದ್ದರೆ ಹೊಸದಾಗಿ ಕಲಸಿ ಇನ್ನೊಂದು ಸಲ.

ಮುಖವೇ ಕಷ್ಟದ ಜಾಗ, ಸ್ಕಂಕ್ ಗುರಿಯಿಡುವುದೂ ಅಲ್ಲಿಗೇ. ಕಣ್ಣು, ಬಾಯಿ, ಕಿವಿಯೊಳಗೆ ಮದ್ದು ಹೋಗಬಾರದು. ಸ್ಪಂಜು ಅದ್ದಿ, ಹಿಂಡಿ, ಕೆನ್ನೆ ಮತ್ತು ಗಲ್ಲಕ್ಕೆ ಒರೆಸು. ಅವಸರದವರು ಇಲ್ಲೇ ಸೋಲುವುದು. ಮೈಗೆಲ್ಲ ಬಕೆಟ್‌ಗಟ್ಟಲೆ ಸುರಿದು, ಮುಖಕ್ಕೆ ಎರಡು ಸಲ ಒರೆಸಿ ಬಿಟ್ಟುಬಿಡುತ್ತಾರೆ. ರಾತ್ರಿ ನಾಯಿ ಬಂದು ಪ್ರೀತಿಯಿಂದ ಗಲ್ಲವನ್ನು ನಿನ್ನ ದಿಂಬಿಗೇ ಇಡುತ್ತದೆ. ಮದ್ದು ನೆಕ್ಕಲು ಬಿಡಬೇಡ, ಪೆರಾಕ್ಸೈಡ್ ಹೊಟ್ಟೆಗೆ ಹೋದರೆ ವಾಂತಿ. ಉಳಿದದ್ದನ್ನು ‘ಪಾಪ, ದಂಡವಾಗುತ್ತದಲ್ಲ’ ಅಂತ ಸೋಡಾ ಬಾಟಲಿಗೆ ತುಂಬಿ ಎತ್ತಿಡಬೇಡ. ಮಿಕ್ಕದ್ದನ್ನು ಡಬ್ಬಿಗೆ ಹಾಕಿಡುವ ನಮ್ಮ ಮನೆತನದ ಬುದ್ಧಿ ಇದೊಂದು ವಿಷಯದಲ್ಲಿ ಬೇಡ. ಮೋರಿಗೆ ಚೆಲ್ಲಿ ನೀರು ಬಿಡು.

ಇಷ್ಟಕ್ಕೂ ಮೊದಲು, ಕಲಸುವುದಕ್ಕೂ ಮುಂಚೆ, ಒಂದು ಸಲ ನಾಯಿಯನ್ನು ಬೆಳಕಿಗೆ ಕರೆದು ನೋಡು. ಮೈಗೆ ನೀರು ಬೇಡ ಅಂದೆನಲ್ಲ, ಕಣ್ಣಿಗೆ ಆ ಮಾತು ಅನ್ವಯಿಸುವುದಿಲ್ಲ. ಕೆಂಪಗಾಗಿದ್ದರೆ ಉಗುರುಬೆಚ್ಚಗಿನ ಶುದ್ಧ ನೀರು ಬಿಟ್ಟು ತೊಳೆ. ಕಡಿದ ಗುರುತು, ರಕ್ತ ಏನಾದರೂ ಇದೆಯಾ ನೋಡು. ಇದ್ದರೆ ವಾಸನೆ ಎರಡನೆಯ ಮಾತು, ಕೂಡಲೇ ಪಶುವೈದ್ಯರಿಗೆ ಫೋನು. ನಮ್ಮೂರಲ್ಲಿ ರೇಬೀಸ್ ಅಂದರೆ ನಾಯಿಗೆ ಹೆದರುತ್ತೇವೆ. ಅಮೆರಿಕದಲ್ಲಿ ಅದನ್ನು ಹೊತ್ತು ತಿರುಗುವುದು ಬಾವಲಿ, ರಕೂನ್, ನರಿ, ಸ್ಕಂಕ್. ನಾಯಿಯ ಲಸಿಕೆ ದಿನಾಂಕ ದಾಟಿದ್ದರೆ ಈ ವಾರವೇ ಹಾಕಿಸು, ಮುಂದಿನ ತಿಂಗಳ ಕಥೆ ಬೇಡ. ಮತ್ತೆ, ಹೊಡೆತ ತಿಂದ ಒಂದೆರಡು ದಿನದಲ್ಲಿ ನಾಯಿ ಸುಸ್ತಾಗಿ ಮಲಗಿದರೆ, ಒಸಡು ಬಿಳಿಚಿಕೊಂಡರೆ, ಉಚ್ಚೆ ಕಂದು ಬಣ್ಣಕ್ಕೆ ತಿರುಗಿದರೆ ತಡ ಮಾಡಬೇಡ. ಅಪರೂಪಕ್ಕೆ ಆ ವಿಷ ರಕ್ತಕ್ಕೆ ತಾಗುವುದುಂಟು.

ಮನೆಯ ಪಾಡು ಹೆಚ್ಚು ಹೇಳುವುದಿಲ್ಲ. ಕಿಟಕಿ ತೆಗೆ, ಫ್ಯಾನ್ ಹಾಕು. ಬಟ್ಟೆಯನ್ನು ಸೋಡಾ ಹಾಕಿ ಬೇರೆಯಾಗಿ ಒಗೆ. ಹೊರಗೆ ಹರವಿದರೆ ಒಳ್ಳೆಯದು. ಹಿತ್ತಲಲ್ಲಿ ಬಟ್ಟೆ ಕಂಡರೆ ಕಾಗದ ಕಳಿಸುವ ಬಡಾವಣೆ ನಿನ್ನದು ಅಂತ ಗೊತ್ತು, ಎರಡು ದಿನ ಬೈಸಿಕೋ. ಕಾರಿನಲ್ಲಿ ಮಾತ್ರ ನಾಯಿಯನ್ನು ಕೂರಿಸಿಕೊಂಡು ಹೋಗಬೇಡ. ‘ಗ್ರೂಮರ್ ಹತ್ತಿರ ತೊಳೆಸಿಕೊಂಡು ಬರುತ್ತೇನೆ’ ಅಂತ ಹೊರಟವರು ನಾಯಿಯ ಜೊತೆ ಕಾರನ್ನೂ ಕೆಡಿಸಿಕೊಂಡು ಬಂದದ್ದನ್ನು ನೋಡಿದ್ದೇನೆ. ಮರುದಿನ ಆಫೀಸಿಗೆ ಹೋಗುವುದಾದರೆ ಹಿಂದಿನ ರಾತ್ರಿಯ ಸ್ವೆಟರ್ ಬೇಡ. ಮನೆಯಿಂದಲೇ ಮೀಟಿಂಗ್ ಇದ್ದರೆ ನಿನ್ನ ಪುಣ್ಯ, ಪರದೆಯಲ್ಲಿ ವಾಸನೆ ಹೋಗುವುದಿಲ್ಲ.

ಇನ್ನು, ಹೊಡೆಸಿಕೊಳ್ಳದೇ ಇರುವ ಉಪಾಯ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಗಬಾರದು ನೋಡು. ಸ್ಕಂಕ್ ನಿನ್ನ ಹಿತ್ತಲಿಗೆ ಬರುವುದು ನಿನ್ನನ್ನು ನೋಡುವುದಕ್ಕಲ್ಲ, ಊಟಕ್ಕೆ. ಡೆಕ್ಕಿನ ಮೇಲೆ ಬಿಟ್ಟ ನಾಯಿ ಊಟದ ಬಟ್ಟಲು, ಹಕ್ಕಿಗೆ ಇಟ್ಟ ಕಾಳು ಕೆಳಗೆ ಉದುರಿದ್ದು, ಮುಚ್ಚಳ ಸರಿಯಿಲ್ಲದ ಕಸದ ಡಬ್ಬ, ಇವೆಲ್ಲ ನೀನೇ ಬರೆದ ಆಮಂತ್ರಣ. ಬೆಳಗ್ಗೆ ಹುಲ್ಲಿನಲ್ಲಿ ಸಣ್ಣ ಸಣ್ಣ ಗುಂಡಿ ಕಂಡರೆ ರಾತ್ರಿ ಯಾರೋ ಹುಳು ಹುಡುಕಿಕೊಂಡು ಹೋಗಿದ್ದಾರೆ ಅಂತ ತಿಳಿ. ಫೆಬ್ರವರಿ, ಮಾರ್ಚ್ ಅವುಗಳ ಮದುವೆಯ ಕಾಲ, ಗಂಡುಗಳು ಎಲ್ಲೆಂದರಲ್ಲಿ ತಿರುಗುತ್ತಿರುತ್ತವೆ. ಚಳಿಯಲ್ಲಿ ಯಾವ ಪ್ರಾಣಿ ಬರುತ್ತದೆ ಅಂತ ಉದಾಸೀನ ಮಾಡಿದವರು ಆಗಲೇ ಸಿಕ್ಕಿಬೀಳುವುದು. ಮೇ, ಜೂನ್ ಹೊತ್ತಿಗೆ ಮರಿ. ಡೆಕ್ಕಿನ ಅಡಿ ತೂತು ಕಂಡಿತು ಅಂತ ಆಗ ಜಾಲರಿ ಹೊಡೆದು ಮುಚ್ಚಬೇಡ. ಒಳಗೆ ಮರಿಗಳಿರುತ್ತವೆ, ಹೊರಗೆ ತಾಯಿ ಇರುತ್ತಾಳೆ, ಹೊರಗಿರುವ ತಾಯಿಯ ಬಳಿ ಏನಿದೆ ಅಂತ ನಿನಗೆ ಈಗ ಗೊತ್ತು. ಮರಿ ದೊಡ್ಡದಾಗಿ ಹೊರಟ ಮೇಲೆ, ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಮುಚ್ಚಿದರಾಯಿತು. ಸ್ಕಂಕ್‌ಗಳನ್ನು ಹಿಡಿದು ತಿನ್ನುವ ಧೈರ್ಯ ಇರುವುದು ಇಲ್ಲಿನ ದೊಡ್ಡ ಕೊಂಬಿನ ಗೂಬೆಗೆ. ಅದಕ್ಕೆ ಮೂಗು ಮಂದ, ಹಾಗಾಗಿ ಸುಖಿ.

ರಾತ್ರಿ ನಾಯಿಯನ್ನು ಬಿಡುವ ಮುಂಚೆ ಹಿತ್ತಲ ದೀಪ ಹಾಕು, ಬಾಗಿಲನ್ನು ಎರಡು ಸಲ ತಟ್ಟು, ಕೆಮ್ಮು, ಹಾಡು, ಏನಾದರೂ ಸದ್ದು ಮಾಡು. ಸ್ಕಂಕಿಗೆ ಕಣ್ಣು ಅಷ್ಟು ಸೂಕ್ಷ್ಮವಲ್ಲ, ಓಟವೂ ಇಲ್ಲ. ಮಾನವಾಗಿ ಎದ್ದು ಹೋಗಲು ಅದಕ್ಕೊಂದು ನಿಮಿಷ ಕೊಡು. ಅಕಸ್ಮಾತ್ ಎದುರೆದುರೇ ಸಿಕ್ಕಿತು, ಮುಂಗಾಲು ಬಡಿಯಿತು ಅಂದರೆ ಕಿರುಚಬೇಡ, ಕಲ್ಲು ಎಸೆಯಬೇಡ, ವಿಡಿಯೋ ಮಾಡಲು ಹತ್ತಿರ ಹೋಗಬೇಡ. ಲೀಶ್ ಗಿಡ್ಡ ಹಿಡಿದು, ಮೆಲ್ಲಗೆ ಹಿಂದಕ್ಕೆ ಹೆಜ್ಜೆ ಹಾಕು.

ಇಷ್ಟೆಲ್ಲ ಮಾಡಿದರೂ ನಾಯಿ ಒಂದು ದಿನ ಹೊಡೆಸಿಕೊಂಡು ಬರುತ್ತದೆ. ಒಂದು ಸಲ ಆದವಕ್ಕೆ ಎರಡನೆಯ ಸಲವೂ ಆದದ್ದನ್ನು ಕಂಡಿದ್ದೇನೆ, ಅವುಗಳಿಗೆ ಪಶ್ಚಾತ್ತಾಪ ಅನ್ನುವುದೇ ಇಲ್ಲ. ಅದಕ್ಕೇ ಪೆರಾಕ್ಸೈಡ್ ಎರಡು ಬಾಟಲಿ, ಸೋಡಾ ಒಂದು ಡಬ್ಬಿ, ಸೋಪು, ಗ್ಲೌಸ್, ಸ್ಪಂಜು, ಹಳೆ ಟವೆಲ್ ಎಲ್ಲವನ್ನೂ ಒಂದು ಬಕೆಟಿಗೆ ತುಂಬಿ ಗ್ಯಾರೇಜಿನ ಬಾಗಿಲ ಪಕ್ಕದಲ್ಲಿಡು. ಅಡುಗೆಮನೆಯ ಕಪಾಟಿನಲ್ಲಿ ಬೇಡ, ಅದನ್ನು ತೆಗೆಯಲು ಮತ್ತೆ ಒಳಗೆ ಹೋಗಬೇಕಾಗುತ್ತದೆ. ಬಾಟಲಿಯ ಮೇಲಿನ ತಾರೀಕು ನೋಡಿಕೊಂಡು ತಾ. ಬಿರಡೆ ತೆಗೆದು ತಿಂಗಳುಗಟ್ಟಲೆ ಬಿಟ್ಟ ಪೆರಾಕ್ಸೈಡ್ ಸತ್ವ ಬಿಟ್ಟು ಬರೀ ನೀರಾಗುತ್ತಾ ಹೋಗುತ್ತದೆ. ‘ಬೇಕಾದಾಗ ಫೋನಿನಲ್ಲಿ ತರಿಸಿದರಾಯಿತು ಅಜ್ಜಿ’ ಅನ್ನಬೇಡ. ನಿನ್ನ ಸಾಮಾನು ಬರುವುದು ಮರುದಿನ ಮಧ್ಯಾಹ್ನ, ನಾಯಿ ಬಾಗಿಲು ಕೆರೆಯುವುದು ರಾತ್ರಿ ಹನ್ನೊಂದಕ್ಕೆ.